ಘಟ್ಟದ ಮಳೆ ಮತ್ತು ಹೀಟರಿನ ನಾಬು

ಕೊಡಗಿನಲ್ಲಿ ಹತ್ತು ಹದಿನೈದು ವರ್ಷ ದಾಟಿದ ಯಾವ ಕಾರಿನ ಬಾಗಿಲು ತೆರೆದರೂ ಡ್ಯಾಶ್‌ಬೋರ್ಡಿನ ಮೇಲೆ ಒಂದು ಬಟ್ಟೆಯ ತುಂಡು ಕಣ್ಣಿಗೆ ಬೀಳುತ್ತದೆ. ಹಳೆಯ ಪಂಚೆಯದ್ದೋ ಬನಿಯನಿನದ್ದೋ ಆದ ಆ ತುಂಡು ಜೂನಿನಿಂದ ಅಕ್ಟೋಬರಿನವರೆಗೆ ಒಣಗುವುದೇ ಇಲ್ಲ. ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು, ಇನ್ನೊಂದು ಕೈಯಲ್ಲಿ ಆ ಬಟ್ಟೆಯಿಂದ ಮುಂದಿನ ಗಾಜನ್ನು ಒರೆಸುತ್ತಾ, ಒರೆಸಿದಷ್ಟೇ ಜಾಗದಲ್ಲಿ ರಸ್ತೆಯನ್ನು ನೋಡುತ್ತಾ ನಾವು ಘಟ್ಟ ಹತ್ತಿ ಇಳಿಯುತ್ತೇವೆ. ಇದು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಅದೇ ಡ್ಯಾಶ್‌ಬೋರ್ಡಿನ ನಡುವೆ ನೀಲಿಯಿಂದ ಕೆಂಪಿಗೆ ತಿರುಗುವ ಒಂದು ನಾಬು ಇದೆಯೆಂಬುದನ್ನೂ, ಗಾಜನ್ನು ಒಣಗಿಸುವುದೂ ಅದರ ಕೆಲಸವೆಂಬುದನ್ನೂ ಮರೆತಿದ್ದೇವೆ. ಯಾರನ್ನು ಕೇಳಿದರೂ ಉತ್ತರ ಒಂದೇ: ‘ಅದು ಕೆಲಸ ಮಾಡುವುದಿಲ್ಲ.’ ಯಾವಾಗಿನಿಂದ, ಏಕೆ ಎಂದು ಕೇಳಿದರೆ ಉತ್ತರವಿಲ್ಲ.

ಬ್ರೇಕ್ ಸ್ವಲ್ಪ ಸದ್ದು ಮಾಡಿದರೂ ಗ್ಯಾರೇಜಿಗೆ ಓಡುವ ಜನ ನಾವು. ವೈಪರಿನ ರಬ್ಬರು ಹರಿದರೆ ಮಳೆಗೆ ಮೊದಲೇ ಹೊಸದನ್ನು ಹಾಕಿಸುತ್ತೇವೆ. ಆದರೆ ವೈಪರ್ ಒರೆಸುವುದು ಗಾಜಿನ ಹೊರಮೈಯನ್ನು ಮಾತ್ರ. ಒಳಮೈಗೆ ಹಿಡಿಯುವ ಮಂಜನ್ನು ತೆಗೆಯುವ ವ್ಯವಸ್ಥೆ ಹಾಳಾದರೆ ಅದನ್ನು ಕೆಟ್ಟ ರೇಡಿಯೋದ ಹಾಗೆ ಸುಮ್ಮನೆ ಬಿಟ್ಟುಬಿಡುತ್ತೇವೆ. ಹೀಟರ್ ಎಂದರೆ ಚಳಿಯಾಗುವವರಿಗೆ ಬೆಚ್ಚಗಿಡುವ ಅನುಕೂಲ ಎಂಬ ತಿಳಿವಳಿಕೆಯೇ ಇದಕ್ಕೆ ಕಾರಣವೆಂದು ನನಗೆ ಅನ್ನಿಸುತ್ತದೆ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿರುವ, ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಕಾಣುವ ಮಡಿಕೇರಿಯಂಥ ಊರಿನಲ್ಲಿ ಅದು ಮೊದಲು ಕಣ್ಣು ಕಾಣಿಸುವ ಸಾಧನ. ಕಾಲು ಬೆಚ್ಚಗಿಡುವುದು ಆಮೇಲಿನ ಮಾತು.

ಗಾಜು ಇಳಿಸಲಾಗದ ದಿನ

ಈ ವಿಚಾರ ನನ್ನ ತಲೆಯಲ್ಲಿ ಗಟ್ಟಿಯಾಗಿ ಕುಳಿತದ್ದು ಒಂದು ಜುಲೈ ತಿಂಗಳ ಸಂಜೆ. ಮಂಗಳೂರಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಗಿದ್ದ ದೊಡ್ಡಮ್ಮನನ್ನು ಮನೆಗೆ ಕರೆದುಕೊಂಡು ಬರುತ್ತಿದ್ದೆವು. ಹಿಂದಿನ ಸೀಟಿನಲ್ಲಿ ದೊಡ್ಡಮ್ಮ ಅರ್ಧ ಮಲಗಿದ್ದರು, ಪಕ್ಕದಲ್ಲಿ ಅವರ ಮಗಳು, ಮುಂದೆ ನನ್ನ ಪಕ್ಕದಲ್ಲಿ ದೊಡ್ಡಪ್ಪ. ಸುಳ್ಯ ದಾಟುವವರೆಗೆ ತೊಂದರೆಯಿರಲಿಲ್ಲ. ಸಂಪಾಜೆ ಗೇಟು ಕಳೆದು ಕೊಯನಾಡಿನ ಆಚೆ ಏರು ಶುರುವಾಗುತ್ತಿದ್ದಂತೆ ಹೊರಗಿನ ಗಾಳಿ ತಣ್ಣಗಾಯಿತು, ಮಳೆ ಬಿರುಸಾಯಿತು, ನಾಲ್ವರ ಉಸಿರೂ ಒದ್ದೆ ಕೊಡೆಗಳ ತೇವವೂ ಸೇರಿ ಗಾಜು ಹಾಲಿನ ಬಣ್ಣಕ್ಕೆ ತಿರುಗಿತು. ಬೇರೆ ದಿನವಾಗಿದ್ದರೆ ಕಿಟಕಿಯ ಗಾಜನ್ನು ನಾಲ್ಕು ಬೆರಳಷ್ಟು ಇಳಿಸಿಬಿಡುತ್ತಿದ್ದೆವು. ಹೆಗಲು ನೆನೆದರೂ ದಾರಿ ಕಾಣುತ್ತದೆ. ಹೀಟರ್ ಇಲ್ಲದವರಿಗೆ ಉಳಿದಿರುವ ಉಪಾಯ ಅದೊಂದೇ. ಅಂದು ಇಳಿಸಿದ ಕೂಡಲೇ ಹಿಂದಿನಿಂದ ದನಿ ಬಂತು. ‘ಗಾಜು ಏರಿಸು ಮಗ, ತಡೆಯಲಿಕ್ಕೆ ಆಗುದಿಲ್ಲ ಈ ಗಾಳಿ.’

ಗಾಜನ್ನು ಏರಿಸಿದೆ. ದೊಡ್ಡಪ್ಪ ಬಟ್ಟೆ ತೆಗೆದುಕೊಂಡು ನನ್ನ ಮುಂದೆ ಕೈಚಾಚಿ ಒರೆಸತೊಡಗಿದರು. ಒರೆಸಿದ ಕಡೆ ಕ್ಷಣಕಾಲ ದಾರಿ ತೋರುತ್ತಿತ್ತು, ಎದುರಿನಿಂದ ಲಾರಿಯ ಬೆಳಕು ಬಿದ್ದೊಡನೆ ಬಟ್ಟೆಯ ಗೀರುಗಳೆಲ್ಲ ಹೊಳೆದು ಏನೂ ಕಾಣದಂತಾಗುತ್ತಿತ್ತು. 2018ರ ಆಗಸ್ಟ್ ತಿಂಗಳಿನಲ್ಲಿ ಗುಡ್ಡ ಕುಸಿದು ಜನರನ್ನೂ ಮನೆಗಳನ್ನೂ ಕೊಂಡೊಯ್ದ ಜೋಡುಪಾಲದ ತಿರುವುಗಳಲ್ಲಿ ಈಗಲೂ ನಮ್ಮವರು ಮಾತು ನಿಲ್ಲಿಸಿ ಕುಳಿತುಕೊಳ್ಳುತ್ತಾರೆ. ಅಲ್ಲಿ ರಸ್ತೆಯ ಅಂಚು ಎಲ್ಲಿದೆಯೆಂದು ಊಹೆಯ ಮೇಲೆ ಗಾಡಿ ಓಡಿಸುವುದು ಎಂಥ ಹೊಣೆಗೇಡಿತನವೆಂದು ನನಗೆ ಅಂದು ಅರ್ಥವಾಯಿತು. ಮದೆನಾಡಿನಲ್ಲಿ ಗಾಡಿ ನಿಲ್ಲಿಸಿ, ಗಾಜನ್ನು ಪೂರ್ತಿಯಾಗಿ ಒಣಗಿಸಿಕೊಂಡು, ಮಳೆ ತುಸು ಇಳಿದ ಮೇಲೆ ಹೊರಟೆವು. ಹೀಟರನ್ನು ಸರಿಮಾಡಿಸಲೇಬೇಕೆಂದು ನಿಶ್ಚಯಿಸಿದ್ದು ಅಲ್ಲಿಯೇ.

ಬಿಸಿ ಗಾಳಿ ಮಾಡುವ ಕೆಲಸ

ಲೆಕ್ಕ ಸರಳವಾಗಿದೆ. 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 15 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. 40 ಡಿಗ್ರಿಯಲ್ಲಿ ಸುಮಾರು 51 ಗ್ರಾಂ. ಆದ್ದರಿಂದ ಕಕ್ಕಡದ, ಅಂದರೆ ಆಟಿ ತಿಂಗಳಿನ, ಮಳೆಯಲ್ಲಿ ಪೂರ್ತಿ ತೇವ ತುಂಬಿಕೊಂಡಿರುವ ಹೊರಗಿನ ಗಾಳಿಯನ್ನೇ ಎಳೆದುಕೊಂಡು ಕಾಯಿಸಿದರೂ ಅದು ತಾನು ಹಿಡಿಯಬಲ್ಲದ್ದರ ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ ತೇವದ, ನೀರಿಗೆ ಹಸಿದ ಗಾಳಿಯಾಗುತ್ತದೆ. ಆ ಗಾಳಿ ಗಾಜಿನ ಬುಡದಿಂದ ಮೇಲಕ್ಕೆ ಹರಿಯುವಾಗ ಗಾಜನ್ನು ಬೆಚ್ಚಗೂ ಮಾಡುತ್ತದೆ, ಅದರ ಮೇಲಿನ ಹನಿಗಳನ್ನು ಹೀರಿಕೊಳ್ಳುತ್ತದೆ ಕೂಡ. ಹೊರಗಿನ ಗಾಳಿಯ ಬಾಗಿಲನ್ನು ಮುಚ್ಚಿ ಒಳಗಿನ ಗಾಳಿಯನ್ನೇ ಸುತ್ತಿಸುವ ಕಡೆ ಲಿವರನ್ನು ಇಟ್ಟರೆ ನಮ್ಮ ಉಸಿರಿನ ತೇವ ಒಳಗೇ ಉಳಿದು ಮಂಜು ಹೆಚ್ಚಾಗುತ್ತದೆ. ಮಳೆ ಬರುತ್ತಿದೆ, ಹೊರಗಿನ ಗಾಳಿ ಬೇಡ ಎಂದು ಲಿವರನ್ನು ಆ ಕಡೆಗೇ ತಳ್ಳುವವರು ನಮ್ಮಲ್ಲಿ ಬಹಳ. ಏಸಿ ಇರುವ ಗಾಡಿಯಲ್ಲಿ ಏಸಿಯನ್ನೂ ಹೀಟರನ್ನೂ ಒಟ್ಟಿಗೆ ಹಾಕುವುದು ಇನ್ನೂ ಒಳ್ಳೆಯದು: ಏಸಿ ಗಾಳಿಯನ್ನು ತಂಪಾಗಿಸಿ ಅದರ ನೀರನ್ನು ಇಳಿಸಿಬಿಡುತ್ತದೆ, ಹಾಗೆ ಒಣಗಿದ ಗಾಳಿಯನ್ನು ಹೀಟರ್ ಕಾಯಿಸುತ್ತದೆ.

ಈ ಬಿಸಿಗೆ ಬೇರೆ ಇಂಧನ ಬೇಕಿಲ್ಲ. ಇಂಜಿನ್ನನ್ನು ತಂಪುಮಾಡಿ ಬಂದ ಕೂಲಂಟಿನ, ಅಂದರೆ ತಂಪುಕಾರಕ ಬೆರೆತ ನೀರಿನ, ಒಂದು ಪಾಲು ಎರಡು ರಬ್ಬರ್ ಪೈಪುಗಳ ಮೂಲಕ ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರಿಗೆ, ಅಂದರೆ ಹೀಟರ್ ಕೋರಿಗೆ, ಹೋಗಿ ಬರುತ್ತದೆ. ಅದರ ಮೂಲಕ ಬ್ಲೋವರ್ ಗಾಳಿಯನ್ನು ಊದುತ್ತದೆ. ಅನ್ನ ಬೇಯಿಸಿದ ಒಲೆಯ ಉಳಿದ ಕೆಂಡದಲ್ಲಿ ಬಚ್ಚಲ ಹಂಡೆಯ ನೀರು ಕಾಯುವ ಹಾಗೆ, ಹೇಗೂ ಹೊರಗೆ ಚೆಲ್ಲಿಹೋಗುವ ಶಾಖ ಇಲ್ಲಿ ಕೆಲಸಕ್ಕೆ ಬರುತ್ತದೆ.

ನಾಬಿನ ಹಿಂದೆ

‘ಹೀಟರ್ ಕೆಟ್ಟಿದೆ’ ಎಂಬ ಒಂದೇ ಮಾತಿನೊಳಗೆ ಬೇರೆ ಬೇರೆ ರೋಗಗಳು ಅಡಗಿರುತ್ತವೆ. ನನ್ನ ಗಾಡಿಯಲ್ಲಿ ನಾಬು ಯಾವ ಬಿಗಿಯೂ ಇಲ್ಲದೆ ಗಿರ್ರನೆ ತಿರುಗುತ್ತಿತ್ತು. ಬ್ಲೋವರ್ ಕೊನೆಯ ವೇಗದಲ್ಲಿ ಮಾತ್ರ ಓಡುತ್ತಿತ್ತು, ಉಳಿದ ವೇಗಗಳಲ್ಲಿ ಸದ್ದೇ ಇರಲಿಲ್ಲ. ಇಷ್ಟನ್ನು ಹೇಳಿದಾಗ ಒಂದು ಗ್ಯಾರೇಜಿನವರು ಬಾನೆಟ್ ತೆರೆದು ಕೂಡ ನೋಡದೆ, ಹೀಟರಿನ ಪೈಪುಗಳೆರಡನ್ನೂ ಒಂದಕ್ಕೊಂದು ಸೇರಿಸಿ ಬೈಪಾಸ್ ಮಾಡಿಕೊಡುತ್ತೇವೆ, ಮುಂದೆ ಸೋರುವ ಭಯವೂ ಇರುವುದಿಲ್ಲ ಎಂದರು. ಆ ಸಲಹೆಯನ್ನು ನಾನು ಒಪ್ಪಲಿಲ್ಲ. ಕೆಟ್ಟಿರುವುದು ಯಾವುದೆಂದು ಗೊತ್ತಾಗುವ ಮೊದಲೇ ಇಡೀ ವ್ಯವಸ್ಥೆಯನ್ನು ಕಿತ್ತುಹಾಕುವುದು ರಿಪೇರಿಯಲ್ಲ.

ಸುಂಟಿಕೊಪ್ಪದ ಕಡೆ ತೋಟದ ಪಿಕಪ್ಪುಗಳನ್ನೂ ಹಳೆಯ ಜೀಪುಗಳನ್ನೂ ನೋಡಿಕೊಳ್ಳುವ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ. ಅವರ ಬಳಿಗೆ ಹೋದೆ. ಅವರು ಮೊದಲು ಮಾಡಿದ ಕೆಲಸ, ಬಂದ ಬಿಸಿ ಗಾಡಿಯ ಇಂಜಿನ್ನನ್ನು ಹಾಗೆಯೇ ಓಡಲು ಬಿಟ್ಟು, ಫ್ಯಾನಿನಿಂದ ಕೈ ದೂರವಿಟ್ಟುಕೊಂಡು, ಒದ್ದೆ ಬಟ್ಟೆಯ ಮೇಲಿಂದ ಹೀಟರಿನ ಎರಡೂ ಪೈಪುಗಳನ್ನು ಮುಟ್ಟಿ ನೋಡಿದ್ದು. ‘ಎರಡೂ ಬಿಸಿ ಇದ್ದರೆ ನೀರು ಓಡ್ತಾ ಉಂಟು, ಒಳಗೆ ಗಾಳಿಯ ಬಾಗಿಲಿನ ತೊಂದರೆ. ಒಂದು ಬಿಸಿ ಒಂದು ತಣ್ಣಗೆ ಇದ್ದರೆ ವಾಲ್ವ್ ಮುಚ್ಚಿದೆ, ಇಲ್ಲಾ ಕೋರ್ ಕಟ್ಟಿದೆ. ಎರಡೂ ಉಗುರುಬೆಚ್ಚಗೆ ಇದ್ದರೆ ಇಂಜಿನ್ನೇ ಕಾಯ್ತಾ ಇಲ್ಲ’ ಎಂದರು. ಆ ಮೂರು ವಾಕ್ಯಗಳಲ್ಲಿ ಅರ್ಧ ಪರೀಕ್ಷೆ ಮುಗಿದಿತ್ತು. ನನ್ನ ಗಾಡಿಯ ಪೈಪುಗಳು ಎರಡೂ ಬೆಚ್ಚಗಿದ್ದವು, ಆದರೆ ಅಷ್ಟು ದೂರ ಓಡಿಬಂದ ಗಾಡಿಯಲ್ಲಿ ಇರಬೇಕಾದಷ್ಟು ಬಿಸಿ ಇರಲಿಲ್ಲ. ಅವರು ತಲೆಯಾಡಿಸಿ, ಅದನ್ನು ಆಮೇಲೆ ನೋಡೋಣ ಎಂದು ಗಾಡಿಯೊಳಗೆ ಬಂದರು.

ಹಳೆಯ ಗಾಡಿಗಳಲ್ಲಿ ನಾಬಿಗೂ ಒಳಗಿನ ಬಾಗಿಲಿಗೂ ಇರುವ ಸಂಬಂಧವೆಲ್ಲ ಒಂದು ಕೇಬಲಿನದ್ದು. ಹೊರಗೆ ಪ್ಲಾಸ್ಟಿಕ್ ಹೊದಿಕೆ, ಒಳಗೆ ಒಂದೇ ಎಳೆಯ ಗಡಸು ಉಕ್ಕಿನ ತಂತಿ. ನಾಬು ತಿರುಗಿಸಿದರೆ ತಂತಿ ಜಾರಿ, ಅದರ ತುದಿಯ ಉಂಗುರ ಸಿಕ್ಕಿಸಿರುವ ಪುಟ್ಟ ಪ್ಲಾಸ್ಟಿಕ್ ಕೈಯನ್ನು ತಳ್ಳುತ್ತದೆ ಅಥವಾ ಎಳೆಯುತ್ತದೆ. ಆ ಕೈ ಕೆಲವು ಗಾಡಿಗಳಲ್ಲಿ ನೀರಿನ ವಾಲ್ವನ್ನು ತೆರೆಯುತ್ತದೆ, ಕೆಲವದರಲ್ಲಿ ತಣ್ಣನೆಯ ಗಾಳಿಯನ್ನೂ ಬಿಸಿ ಗಾಳಿಯನ್ನೂ ಬೆರೆಸುವ ಫ್ಲ್ಯಾಪನ್ನು ಹೊರಳಿಸುತ್ತದೆ. ಹೊದಿಕೆ ಅಲುಗದಂತೆ ಅದನ್ನು ಹೀಟರಿನ ಡಬ್ಬಿಗೆ ಒಂದು ಸ್ಪ್ರಿಂಗ್ ಕ್ಲಿಪ್ಪಿನಿಂದ ಅದುಮಿ ಹಿಡಿದಿರುತ್ತಾರೆ. ಈ ಕ್ಲಿಪ್ ಕಳಚಿದರೆ ನಾಬು ತಿರುಗಿದಾಗ ತಂತಿಯ ಬದಲು ಇಡೀ ಕೇಬಲ್ಲೇ ಹಿಂದೆ ಮುಂದೆ ಸರಿಯುತ್ತದೆ, ಫ್ಲ್ಯಾಪ್ ಮಾತ್ರ ಇದ್ದಲ್ಲಿಯೇ ಇರುತ್ತದೆ. ಟಾರ್ಚ್ ಹಿಡಿದು ಕಾಲಿಡುವ ಜಾಗದಲ್ಲಿ ಮಲಗಿ ನೋಡಿದಾಗ ನಮಗೆ ಕಂಡದ್ದು ಅದೇ. ಕ್ಲಿಪ್ ಇರಲಿಲ್ಲ. ಹಿಂದೆ ಯಾರೋ ಸ್ಟೀರಿಯೋ ಹಾಕಲು ಡ್ಯಾಶ್‌ಬೋರ್ಡ್ ಬಿಚ್ಚಿದಾಗ ಕೇಬಲನ್ನು ಪಕ್ಕಕ್ಕೆ ಸರಿಸಿ ಹಾಗೆಯೇ ಬಿಟ್ಟಿದ್ದಂತೆ ತೋರುತ್ತಿತ್ತು.

ತಂತಿಯೂ ಒಂದು ಕಡೆ ಮಡಿಚಿಕೊಂಡು ತುಕ್ಕು ಹಿಡಿದಿತ್ತು. ಬೈಕಿನ ಕ್ಲಚ್ ವೈರನ್ನು ಅಳತೆಗೆ ಕತ್ತರಿಸಿ ಹಾಕಿದರಾಗದೇ ಎಂದು ನಾನು ಕೇಳಿದಾಗ ಅವರು ಕೊಟ್ಟ ವಿವರಣೆ ನನಗೆ ಬಹಳ ಹಿಡಿಸಿತು. ಕ್ಲಚ್ ವೈರ್ ಹಲವು ತೆಳುವಾದ ಎಳೆಗಳನ್ನು ಹೊಸೆದು ಮಾಡಿದ್ದು. ಅದು ಎಳೆಯಬಲ್ಲದು, ತಳ್ಳಲಾರದು. ಬೈಕಿನಲ್ಲಿ ಹಿಂದಕ್ಕೆ ತರುವುದಕ್ಕೆ ಸ್ಪ್ರಿಂಗ್ ಇರುತ್ತದೆ. ಹೀಟರಿನ ಫ್ಲ್ಯಾಪಿಗೆ ಸ್ಪ್ರಿಂಗ್ ಇಲ್ಲ, ಒಂದೇ ತಂತಿ ಎರಡೂ ಕೆಲಸ ಮಾಡಬೇಕು, ಆದ್ದರಿಂದ ಅದು ಒಂದೇ ಎಳೆಯ ಗಡಸು ತಂತಿಯಾಗಿರಲೇಬೇಕು. ಕ್ಲಚ್ ವೈರ್ ಹಾಕಿಸಿಕೊಂಡವರ ಗಾಡಿಯಲ್ಲಿ ಹೀಟರ್ ಒಮ್ಮೆ ಬಿಸಿಯ ಕಡೆ ಹೋದರೆ ಮತ್ತೆ ತಂಪಿನ ಕಡೆ ಬರುವುದಿಲ್ಲ. ಅವರು ಬೇಸಿಗೆಯಲ್ಲಿ ಬೆವರಿಕೊಂಡು ಓಡಿಸುತ್ತಾರೆ. ಮೈಸೂರಿನ ಗುಜರಿಯಲ್ಲಿ ಅದೇ ಮಾದರಿಯ ಗಾಡಿಯಿಂದ ತೆಗೆದ ಕೇಬಲ್ ಸಿಕ್ಕಿತು, ಕ್ಲಿಪ್ಪುಗಳ ಸಮೇತ.

ಜೋಡಿಸುವುದರಲ್ಲೂ ಒಂದು ಕ್ರಮವಿದೆ. ನಾಬನ್ನು ಪೂರ್ತಿ ತಂಪಿನ ಕಡೆ ತಿರುಗಿಸಿಡಬೇಕು, ಫ್ಲ್ಯಾಪಿನ ಕೈಯನ್ನು ಬೆರಳಿನಿಂದ ಪೂರ್ತಿ ತಂಪಿನ ತುದಿಗೆ ಒತ್ತಿ ಹಿಡಿಯಬೇಕು, ಆಮೇಲೆಯೇ ಹೊದಿಕೆಯನ್ನು ಕ್ಲಿಪ್ಪಿನಲ್ಲಿ ಅದುಮಬೇಕು. ಬಳಿಕ ನಾಬನ್ನು ಪೂರ್ತಿ ಬಿಸಿಯ ಕಡೆ ತಿರುಗಿಸಿ, ಫ್ಲ್ಯಾಪ್ ಆ ತುದಿಗೂ ಮುಟ್ಟುತ್ತದೆಯೇ ಎಂದು ನೋಡಬೇಕು. ಈ ಹೊಂದಾಣಿಕೆ ಬೆರಳಿನ ಅಗಲದಷ್ಟು ತಪ್ಪಿದರೂ ತಣ್ಣನೆಯ ಗಾಳಿ ಸಂದಿಯಲ್ಲಿ ನುಸುಳಿ ಬಿಸಿಯನ್ನು ಕೆಡಿಸುತ್ತದೆ. ಫ್ಲ್ಯಾಪ್ ಬಿಗಿಯಾಗಿದ್ದರೆ ನಾಬನ್ನು ಬಲವಂತವಾಗಿ ತಿರುಗಿಸಬಾರದು. ಮೊದಲು ಮುರಿಯುವುದು ಪ್ಲಾಸ್ಟಿಕ್ ಕೈ, ಅದು ಮುರಿದರೆ ಇಡೀ ಡಬ್ಬಿಯನ್ನೇ ಕೆಳಗಿಳಿಸಬೇಕಾಗುತ್ತದೆ.

ಬ್ಲೋವರಿನದ್ದು ಬೇರೆ ಕಥೆ. ಕೊನೆಯ ವೇಗ ಮಾತ್ರ ಉಳಿದಿದೆಯೆಂದರೆ ಮೋಟಾರು ಚೆನ್ನಾಗಿದೆ, ರೆಸಿಸ್ಟರ್ ಸುಟ್ಟಿದೆ ಎಂದೇ ಬಹುಪಾಲು ಅರ್ಥ. ಕಡಿಮೆ ವೇಗಗಳಲ್ಲಿ ಕರೆಂಟು ಈ ರೆಸಿಸ್ಟರಿನ ಸುರುಳಿಗಳನ್ನು ಹಾದು ಹೋಗುತ್ತದೆ, ಕೊನೆಯ ವೇಗದಲ್ಲಿ ಅದನ್ನು ಬಿಟ್ಟು ನೇರವಾಗಿ ಹೋಗುತ್ತದೆ. ಸುರುಳಿಗಳು ಬಿಸಿಯಾಗುವುದರಿಂದ ಅದನ್ನು ಬ್ಲೋವರಿನ ಗಾಳಿ ಬೀಸುವ ದಾರಿಯಲ್ಲೇ ಕೂರಿಸಿರುತ್ತಾರೆ. ಗ್ಲೌ ಬಾಕ್ಸ್ ತೆಗೆದರೆ ಸಾಮಾನ್ಯವಾಗಿ ಕೈಗೆ ಸಿಗುತ್ತದೆ. ತಂತಿಯ ತುಂಡಿನಿಂದ ಸೇತುವೆ ಕಟ್ಟಿ ಕೆಲಸ ಸಾಗಿಸುವವರಿದ್ದಾರೆ. ಅದನ್ನು ಮಾಡಬಾರದು, ಡ್ಯಾಶ್‌ಬೋರ್ಡಿನ ಹಿಂದೆ ಬೆಂಕಿಗೆ ಅದೇ ದಾರಿ. ಹೊಸ ರೆಸಿಸ್ಟರ್ ಹಾಕುವ ಮೊದಲು ಹಳೆಯದು ಏಕೆ ಸುಟ್ಟಿತೆಂದು ಕೇಳಿಕೊಳ್ಳಬೇಕು. ನಮ್ಮಲ್ಲಿ ಕಾರಣ ತೋಟದ್ದು. ಸಿಲ್ವರ್ ಓಕ್ ಮರದ ಕೆಳಗೆ ನಿಲ್ಲಿಸಿದ ಗಾಡಿಯ ಮುಂದಿನ ಗಾಜಿನ ಬುಡದ ಜಾಲರಿಯಲ್ಲಿ ಒಣಗಿದ ಎಲೆಗಳು ಸೇರಿ, ಪುಡಿಯಾಗಿ, ಬ್ಲೋವರಿನ ಒಳಗೆ ಇಳಿಯುತ್ತವೆ. ಮೋಟಾರು ತಿಣುಕುತ್ತದೆ, ಹೆಚ್ಚು ಕರೆಂಟು ಎಳೆಯುತ್ತದೆ, ರೆಸಿಸ್ಟರ್ ಕಾದು ಸುಡುತ್ತದೆ. ಅದೇ ಎಲೆಗಳು ಜಾಲರಿಯ ಕೆಳಗಿನ ನೀರು ಹೋಗುವ ತೂತನ್ನೂ ಮುಚ್ಚುತ್ತವೆ; ಆಗ ಮಳೆನೀರು ಗಾಡಿಯೊಳಗೆ ಇಳಿದು ಕಾಲಡಿಯ ಕಾರ್ಪೆಟ್ ನೆನೆಯುತ್ತದೆ, ಆ ತೇವವೇ ಮತ್ತೆ ಗಾಜಿಗೆ ಹಿಡಿಯುತ್ತದೆ. ನೆನೆದ ಕಾರ್ಪೆಟ್ಟನ್ನು ಮುಟ್ಟಿ ಮೂಸಿ ನೋಡುವುದು ಒಳ್ಳೆಯದು. ಬರಿಯ ನೀರಾದರೆ ಎಲೆಯ ತೊಂದರೆ. ಜಿಡ್ಡಾಗಿ, ಸಿಹಿ ವಾಸನೆ ಬಂದರೆ ಹೀಟರ್ ಕೋರ್ ಸೋರುತ್ತಿದೆ. ಆ ಕೂಲಂಟ್ ವಿಷ, ಮನೆಯ ನಾಯಿ ನೆಕ್ಕದಂತೆ ನೋಡಿಕೊಳ್ಳಬೇಕು.

ಥರ್ಮೋಸ್ಟಾಟ್ ತೆಗೆದುಹಾಕುವ ಅಭ್ಯಾಸ

ಪೈಪುಗಳು ಸಾಕಷ್ಟು ಬಿಸಿಯಾಗದಿರುವ ಪ್ರಶ್ನೆ ಉಳಿದಿತ್ತು. ಮೆಕ್ಯಾನಿಕ್ ಥರ್ಮೋಸ್ಟಾಟಿನ, ಅಂದರೆ ಬಿಸಿಗೆ ತಕ್ಕಂತೆ ಕೂಲಂಟನ್ನು ರೇಡಿಯೇಟರಿಗೆ ಬಿಡುವ ಪುಟ್ಟ ಬಾಗಿಲಿನ, ಮುಚ್ಚಳ ಬಿಚ್ಚಿದರು. ಒಳಗೆ ಥರ್ಮೋಸ್ಟಾಟ್ ಇರಲೇ ಇಲ್ಲ. ‘ನೂರಕ್ಕೆ ಅರ್ಧ ಗಾಡಿ ಹೀಗೆಯೇ ಬರುದು. ಘಟ್ಟ ಹತ್ತುವಾಗ ಹೀಟ್ ಆಯ್ತು ಅಂತ ಹೋದರೆ ಮೊದಲು ಇದನ್ನು ತೆಗೆದು ಬಿಸಾಡ್ತಾರೆ’ ಎಂದರು.

ನನಗೆ ಹೆಚ್ಚು ನೋವಾದದ್ದು ಇಲ್ಲಿಯೇ. ಥರ್ಮೋಸ್ಟಾಟಿನೊಳಗೆ ಮೇಣದ ಗುಳಿಗೆಯಿರುತ್ತದೆ. ಕೂಲಂಟು ಸಾಮಾನ್ಯವಾಗಿ 80 ಡಿಗ್ರಿಯ ಆಸುಪಾಸಿಗೆ ಬಂದಾಗ ಮೇಣ ಕರಗಿ ಉಬ್ಬಿ ಬಾಗಿಲನ್ನು ತೆರೆದು ರೇಡಿಯೇಟರಿಗೆ ದಾರಿ ಕೊಡುತ್ತದೆ; ತಣ್ಣಗಾದರೆ ಮುಚ್ಚಿಕೊಳ್ಳುತ್ತದೆ. ಅದು ಮುಚ್ಚಿದ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ ಇಂಜಿನ್ ಕಾದುಹೋಗುವುದು ನಿಜ, ತೆಗೆದರೆ ಅಂದಿನ ಮಟ್ಟಿಗೆ ಗಾಡಿ ಮನೆ ಸೇರುವುದೂ ನಿಜ. ಆದರೆ ಹಾಗೆ ತೆಗೆದದ್ದನ್ನು ಮತ್ತೆ ಯಾರೂ ಹಾಕುವುದಿಲ್ಲ, ಎಷ್ಟೋ ಸಲ ತಪ್ಪಿರುವುದು ಕಟ್ಟಿಕೊಂಡ ರೇಡಿಯೇಟರಿನಲ್ಲಿ. ನಮ್ಮದು ಬಿಸಿಲ ನಾಡು, ಇಲ್ಲಿ ಇದು ಬೇಡ ಎಂಬ ಮಾತು ಬಯಲುಸೀಮೆಯಿಂದ ಘಟ್ಟ ಹತ್ತಿ ಬಂದಿದೆ. ಮಳೆಗಾಲದ ಮಡಿಕೇರಿಯಲ್ಲಿ ಥರ್ಮೋಸ್ಟಾಟ್ ಇಲ್ಲದ ಇಂಜಿನ್ ತನ್ನ ಸರಿಯಾದ ಬಿಸಿಯನ್ನು ಮುಟ್ಟುವುದೇ ಕಷ್ಟ: ಇಂಧನ ಹೆಚ್ಚು ಸುಡುತ್ತದೆ, ಇಂಜಿನ್ ಬೇಗ ಸವೆಯುತ್ತದೆ, ಹೀಟರಿಗೆ ಬರುವುದು ಉಗುರುಬೆಚ್ಚಗಿನ ನೀರು.

ಇಳಿಜಾರಿನಲ್ಲಿ ಇದು ಇನ್ನೂ ಕೆಟ್ಟದಾಗುತ್ತದೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ, ಅಥವಾ ವಿರಾಜಪೇಟೆಯಿಂದ ಮಾಕುಟ್ಟದ ಕಾಡಿನ ನಡುವೆ ಇಳಿಯುವಾಗ, ಎರಡನೆಯದೋ ಮೂರನೆಯದೋ ಗೇರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದಿರುತ್ತೇವೆ. ಇಂಜಿನ್ ಸುಡುವ ಇಂಧನ ಅತಿ ಕಡಿಮೆ, ಹುಟ್ಟುವ ಶಾಖವೂ ಅತಿ ಕಡಿಮೆ. ಆದರೆ ಇಂಜಿನ್ ವೇಗವಾಗಿ ತಿರುಗುತ್ತಿರುವುದರಿಂದ ವಾಟರ್ ಪಂಪ್ ಜೋರಾಗಿಯೇ ನೀರನ್ನು ತಳ್ಳುತ್ತಿರುತ್ತದೆ. ಥರ್ಮೋಸ್ಟಾಟ್ ಇದ್ದರೆ ಅದು ಮುಚ್ಚಿಕೊಂಡು ಇರುವ ಬಿಸಿಯನ್ನು ಇಂಜಿನ್ನಿನಲ್ಲೂ ಹೀಟರಿನಲ್ಲೂ ಉಳಿಸುತ್ತದೆ. ಇಲ್ಲದಿದ್ದರೆ ಅಷ್ಟೂ ಬಿಸಿ ರೇಡಿಯೇಟರಿನ ಮೂಲಕ ಮಳೆಗಾಳಿಗೆ ಹೋಗಿಬಿಡುತ್ತದೆ. ರಸ್ತೆಯನ್ನು ಅತ್ಯಂತ ಚೆನ್ನಾಗಿ ಕಾಣಬೇಕಾದ ತಿರುವುಗಳಲ್ಲೇ ಹೀಟರ್ ತಣ್ಣಗಾಗುತ್ತದೆ. ಕೆಳಗೆ ಇಳಿದಂತೆ ಹೊರಗಿನ ಗಾಳಿ ಬೆಚ್ಚಗೆ, ತೇವವಾಗಿ ಬದಲಾದಾಗ ಮೇಲಿನ ಚಳಿಯಲ್ಲಿ ತಣಿದ ಗಾಜಿನ ಹೊರಮೈಗೂ ಮಂಜು ಹಿಡಿಯುವುದುಂಟು. ಅದಕ್ಕೆ ವೈಪರ್ ಸಾಕು. ಒಳಮೈಯದ್ದೆಂದು ತಿಳಿದು ಬಟ್ಟೆಯಿಂದ ಉಜ್ಜಿ ಫಲವಿಲ್ಲ. ಹತ್ತುವಾಗಿನದು ಒಳಗಿನ ಮಂಜು, ಇಳಿಯುವಾಗಿನದು ಯಾವ ಕಡೆಯದೆಂದು ಬೆರಳಿಟ್ಟು ನೋಡಬೇಕು.

ಹೊಸ ಥರ್ಮೋಸ್ಟಾಟ್ ತಂದ ಮೇಲೆ ಅಡುಗೆಗೆ ಬಳಸದ ಒಂದು ಹಳೆಯ ಪಾತ್ರೆಯಲ್ಲಿ ನೀರಿಟ್ಟು, ದಾರದಲ್ಲಿ ಅದನ್ನು ತೂಗುಬಿಟ್ಟು, ಥರ್ಮಾಮೀಟರ್ ಅದ್ದಿ ಕಾಯಿಸಿ ನೋಡಿದೆವು. ಅದರ ಮೇಲೆ ಅಚ್ಚೊತ್ತಿದ್ದ ಅಂಕಿಯ ಹತ್ತಿರಕ್ಕೆ ಬರುತ್ತಿದ್ದಂತೆ ಬಾಗಿಲು ನಿಧಾನವಾಗಿ ತೆರೆಯಿತು. ದೊಡ್ಡಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, ‘ಇಷ್ಟು ಸಣ್ಣದರಿಂದಲಾ ಅವತ್ತು ಅಷ್ಟು ಕಷ್ಟ ಆದದ್ದು?’ ಎಂದು ಕೇಳಿದರು. ಅದೊಂದರಿಂದ ಅಲ್ಲ, ಆದರೆ ಅದೂ ಒಂದು ಎಂದು ಹೇಳಿದೆ.

ಕೊಳ್ಳುವಾಗ ತಿರುಗಿಸಿ ನೋಡಬೇಕಾದ ನಾಬು

ಕೊಡಗಿಗೆ ಬರುವ ಹಳೆಯ ಕಾರುಗಳಲ್ಲಿ ಬಹಳಷ್ಟು ಬೆಂಗಳೂರು, ಮೈಸೂರುಗಳಿಂದ ಕೊಂಡುತಂದವು. ಅಲ್ಲಿ ಹೀಟರನ್ನು ವರ್ಷಗಟ್ಟಲೆ ಯಾರೂ ಹಾಕಿರುವುದಿಲ್ಲ. ಬಳಸದೆ ಬಿಟ್ಟ ಕೇಬಲ್ ತುಕ್ಕು ಹಿಡಿಯುತ್ತದೆ, ವಾಲ್ವ್ ಇದ್ದಲ್ಲೇ ಅಂಟಿಕೊಳ್ಳುತ್ತದೆ, ಫ್ಲ್ಯಾಪಿನ ಅಂಚಿನ ಫೋಮ್ ಪುಡಿಯಾಗಿ ಉದುರುತ್ತದೆ. ಕೂಲಂಟಿನ ಬದಲು ಬರೀ ನೀರು ತುಂಬಿಸಿಕೊಂಡು ಓಡಿಸಿದ ಗಾಡಿಯಾದರೆ ತುಕ್ಕಿನ ಕೆಸರು ಹೀಟರ್ ಕೋರಿನ ಕಿರಿದಾದ ನಳಿಗೆಗಳಲ್ಲಿ ಕಟ್ಟಿರುತ್ತದೆ. ಎರಡೂ ಪೈಪು ಕಳಚಿ, ತೋಟದ ಪೈಪಿನಿಂದ ಮೆಲ್ಲಗೆ, ಹರಿವಿನ ಎದುರು ದಿಕ್ಕಿನಿಂದ ನೀರು ಬಿಟ್ಟರೆ ಬಹಳಷ್ಟು ಸಲ ಅದು ತೆರೆದುಕೊಳ್ಳುತ್ತದೆ. ಜೋರಾಗಿ ಬಿಟ್ಟರೆ ಹಳೆಯ ಕೋರ್ ಒಡೆಯುತ್ತದೆ. ಈ ಕೆಲಸವನ್ನು ಇಂಜಿನ್ ಪೂರ್ತಿ ತಣಿದ ಮೇಲೆಯೇ ಮಾಡಬೇಕು. ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿ ಮುಖ ಸುಟ್ಟುಕೊಂಡವರು ಎಲ್ಲ ಊರುಗಳಲ್ಲೂ ಇದ್ದಾರೆ.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದ ಮೇಲೆ 5 ವರ್ಷಕ್ಕೊಮ್ಮೆ ನವೀಕರಿಸಬೇಕಾಗುತ್ತದೆ. ಅದಕ್ಕೆ ಗಾಡಿಯನ್ನು ತಯಾರು ಮಾಡುವಾಗ ನಾವು ಬಣ್ಣ, ಟೈರು, ದೀಪ, ಹೊಗೆಯ ಚಿಂತೆ ಮಾಡುತ್ತೇವೆ. ನನ್ನ ಮಾತು ನಡೆಯುವುದಾದರೆ ನಮ್ಮ ಜಿಲ್ಲೆಯಲ್ಲಿ ಆ ಪಟ್ಟಿಗೆ ಹೀಟರನ್ನೂ ಸೇರಿಸುತ್ತೇನೆ. ಹಾಗಾಗುವವರೆಗೆ ಕೊಳ್ಳುವವರು ತಾವೇ ನೋಡಿಕೊಳ್ಳಬೇಕು. ಗಾಡಿಯನ್ನು ಚೆನ್ನಾಗಿ ಓಡಿಸಿ ಬಿಸಿಯಾದ ಮೇಲೆ ನಾಬನ್ನು ತಂಪಿನಿಂದ ಬಿಸಿಗೆ ತಿರುಗಿಸಿ, ಬೆರಳಿಗೆ ತಂತಿಯ ಬಿಗಿ ತಿಳಿಯುತ್ತದೆಯೇ ನೋಡಿ. ಬ್ಲೋವರಿನ ಎಲ್ಲ ವೇಗಗಳನ್ನೂ ಹಾಕಿ ನೋಡಿ. ಗಾಳಿಯನ್ನು ಮುಖ, ಕಾಲು, ಗಾಜು ಎಂದು ಬದಲಾಯಿಸಿ, ಗಾಜಿನ ಬುಡದಲ್ಲಿ ಕೈ ಹಿಡಿದು ಗಾಳಿ ಅಲ್ಲಿಗೇ ಬರುತ್ತಿದೆಯೇ ಎಂದು ಪರೀಕ್ಷಿಸಿ. ಮುಂದಿನ ಸೀಟಿನ ಕೆಳಗಿನ ಕಾರ್ಪೆಟ್ ಎತ್ತಿ ಒದ್ದೆಯಿದೆಯೇ ನೋಡಿ. ಕೊನೆಗೆ ಬಾನೆಟ್ ತೆರೆದು ಹೀಟರಿನ ಪೈಪುಗಳು ಇಂಜಿನ್ನಿನಿಂದ ಹೊರಟು ಒಳಗಿನವರೆಗೂ ಹೋಗಿವೆಯೇ ಎಂದು ಹುಡುಕಿ. ಅವೆರಡನ್ನೂ ಇಂಜಿನ್ನಿನ ಬಳಿಯೇ ಒಂದಕ್ಕೊಂದು ಸೇರಿಸಿ ಕಟ್ಟಿದ್ದರೆ ಒಳಗಿನ ಕೋರ್ ಸೋರುತ್ತಿದೆಯೆಂದೇ ತಿಳಿದುಕೊಂಡು, ಡ್ಯಾಶ್‌ಬೋರ್ಡ್ ಬಿಚ್ಚಿ ಅದನ್ನು ಬದಲಾಯಿಸುವ ಖರ್ಚನ್ನು ಕಳೆದು ಬೆಲೆ ಮಾತಾಡಿ.